ಮೈನಸ್ ನಾಲ್ಕು

"ನಿಲ್ಲಿಸು, ನಿಲ್ಲಿಸು," ಎಂದು ಮ್ಯೂಸಿಕ್ ಮಿಸ್ ಕೈ ಎತ್ತಿದ್ದೇ ತಡ, ಐದನೇ ಕ್ಲಾಸಿನ ಹಾಡುಗಾರರೆಲ್ಲ ಕಿಸಕ್ಕನೆ ನಕ್ಕರು. ನಗದೆ ಏನು ಮಾಡಿಯಾರು? ಹಾಡಿನ ಶ್ರುತಿ ಅಷ್ಟು ಕೆಳಗಿತ್ತು. ಕೆಲವರ ಗಂಟಲಿಂದ ಬರೀ ಗಾಳಿ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಎಮ್ಮೆಯ ಹಾಗೆ ದನಿ ತೆಗೆದಿದ್ದರು.

ಗುಬ್ಬಿ ಮಾತ್ರ ನಗಲಿಲ್ಲ. ಅವಳು ಎರಡು ಬೆಂಚು ಜೋಡಿಸಿ, ಅದರ ಮೇಲೆ ತನ್ನ ಡಿಜಿಟಲ್ ಪಿಯಾನೊ ಇಟ್ಟುಕೊಂಡು ಕೂತಿದ್ದಳು. ಸ್ಕೂಲಿನ ಪಿಯಾನೊ ಕೆಟ್ಟಿತ್ತು. ಅದಕ್ಕೇ ಬೆಳಿಗ್ಗೆ ಅಪ್ಪ ಇದನ್ನು ಇಸ್ತ್ರಿ ಬಟ್ಟೆಯ ಗಂಟಿನ ಜೊತೆ ಸೈಕಲ್ಲಿಗೆ ಕಟ್ಟಿಕೊಂಡು ಬಂದು ಇಳಿಸಿ ಹೋಗಿದ್ದ. ಸ್ಕೂಲ್ ಡೇಗೆ ಇನ್ನು ಮೂರೇ ದಿನ.

ಹಾಡು ಗುಬ್ಬಿಯ ಅಮ್ಮ ಕಟ್ಟಿದ್ದು. ಹಗ್ಗದ ಮೇಲೆ ಒಣಹಾಕಿದ ಅಂಗಿಗಳು ಗಾಳಿ ಬಂದ ಕೂಡಲೇ ಊರು ಸುತ್ತಲು ಹೊರಡುವ ತಮಾಷೆಯ ಹಾಡು. ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು.

ಮಿಸ್ ಪಿಯಾನೊದ ಪುಟ್ಟ ಪರದೆಯನ್ನು ಬಗ್ಗಿ ನೋಡಿದರು. ಮೂಲೆಯಲ್ಲಿ ಮೈನಸ್ ನಾಲ್ಕು ಎಂದಿತ್ತು.

"ಓ, ಇದಾ ವಿಷಯ. ಯಾರೋ ಗೊತ್ತಿಲ್ದೆ ಬಟನ್ ಒತ್ತಿ ಶ್ರುತಿ ಇಳಿಸಿಬಿಟ್ಟಿದ್ದಾರೆ," ಎಂದು ಅವರು ಎರಡು ಬಟನ್ ಒಟ್ಟಿಗೆ ಒತ್ತಿದರು. ಪರದೆಯ ಮೇಲೆ ಸೊನ್ನೆ ಬಂತು. "ಈಗ ನುಡಿಸು."

ಗುಬ್ಬಿ ನುಡಿಸಿದಳು. ಬೆರಳುಗಳು ಅವೇ ಕೀಗಳ ಮೇಲೆ ಓಡಿದವು, ಹಾಡು ಮಾತ್ರ ಮೇಲಕ್ಕೆ ಹೋಯಿತು. ಮಕ್ಕಳ ದನಿ ಬಿಚ್ಚಿಕೊಂಡಿತು. ಮಿಸ್ ತಲೆದೂಗಿದರು.

ಗುಬ್ಬಿ ಪರದೆಯ ಮೇಲಿನ ಸೊನ್ನೆಯನ್ನು ನೋಡಿದಳು. ಇದು ಅಮ್ಮನ ಹಾಡಲ್ಲ. ಮಂಚದ ಮೇಲೆ ದಿಂಬಿಗೆ ಒರಗಿ ಅಮ್ಮ ಹಾಡುತ್ತಿದ್ದುದು ಹೀಗಲ್ಲ. ಅದು ಮೆತ್ತಗಿತ್ತು, ಹತ್ತಿರ ಕೂತವರಿಗೆ ಮಾತ್ರ ಕೇಳಿಸುತ್ತಿತ್ತು. ಅವಳು ಅರ್ಧಕ್ಕೇ ಕೈ ತೆಗೆದಳು.

"ನಾನು ನುಡಿಸಲ್ಲ ಮಿಸ್."

ಯಾಕೆಂದು ಮಿಸ್ ಮತ್ತೆ ಮತ್ತೆ ಕೇಳಿದರು. ಕೊನೆಗೆ ಹೊಟ್ಟೆನೋವು ಎಂದುಬಿಟ್ಟಳು.

ಸಂಜೆ ಪಿಯಾನೊ ಸೈಕಲ್ ಮೇಲೆಯೇ ಮನೆಗೆ ವಾಪಸ್ ಬಂತು. ಮುಂದಿನ ಕೋಣೆಯೇ ಅಪ್ಪನ ಇಸ್ತ್ರಿ ಅಂಗಡಿ. ಅಪ್ಪ ಬಿಳಿ ಅಂಗಿಯೊಂದರ ಕಾಲರ್ ತಿದ್ದುತ್ತಿದ್ದಾಗ ಅವಳು ಮೇಜಿನ ಪಕ್ಕ ನಿಂತು ನಡೆದದ್ದೆಲ್ಲ ಹೇಳಿದಳು. ಸ್ವಿಚ್ ಆಫ್ ಮಾಡಿದರೂ ಹೋಗದ ಆ ನಂಬರನ್ನು ಮಿಸ್ ಒಂದೇ ಸಲಕ್ಕೆ ಅಳಿಸಿದ್ದು, ಯಾರೋ ಗೊತ್ತಿಲ್ಲದೆ ಒತ್ತಿದ್ದು ಎಂದದ್ದು, ಎಲ್ಲ.

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟ.

"ಗೊತ್ತಿಲ್ದೆ ಒತ್ತಿದ್ದಲ್ಲ ಪುಟ್ಟಾ. ನಾನೇ ಒತ್ತಿದ್ದು."

ಆಮೇಲೆ ನಿಧಾನಕ್ಕೆ ಹೇಳಿದ. ಅಮ್ಮ ಮೊದಲ ಸಲ ಆಸ್ಪತ್ರೆಯಿಂದ ಬಂದಾಗ ಹಾಡಿನ ಮೇಲಿನ ಸ್ವರ ಅವಳಿಗೆ ಎಟುಕಲಿಲ್ಲ. ಗುಬ್ಬಿ ಆಗಷ್ಟೇ ಇಡೀ ಹಾಡು ಕಲಿತು ಕುಣಿದಾಡುತ್ತಿದ್ದಳು. ಕೆಳಗಿನ ಶ್ರುತಿಯಲ್ಲಿ ನುಡಿಸು ಎಂದರೆ ಅವಳ ಬೆರಳೆಲ್ಲ ಹೊಸದಾಗಿ ಕಲಿಯಬೇಕು, ಯಾಕಮ್ಮ ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಗುಬ್ಬಿ ಸ್ಕೂಲಿಗೆ ಹೋದ ಮೇಲೆ ಅಮ್ಮ ಮಂಚದಿಂದಲೇ ಬಟನ್ ತೋರಿಸಿದ್ದಳು, ಅಪ್ಪ ಶ್ರುತಿಯನ್ನು ಒಂದು ಮೆಟ್ಟಿಲು ಇಳಿಸಿದ್ದ. ತಿಂಗಳಾದ ಮೇಲೆ ಇನ್ನೊಂದು.

"ಗುಬ್ಬಿ ಬೆರಳಿಗೆ ಗೊತ್ತಾಗಬಾರ್ದು ಅಂತಿದ್ಳು ನಿಮ್ಮಮ್ಮ."

"ನಾಲ್ಕು ಸಲಾನಾ?"

"ನಾಲ್ಕು ಸಲ," ಅಂದ ಅಪ್ಪ. "ಐದನೇ ಸಲ ಕೇಳ್ಲಿಲ್ಲ."

ಅವನು ಇಸ್ತ್ರಿ ಆಗಿದ್ದ ಅಂಗಿಗೇ ಮತ್ತೆ ಇಸ್ತ್ರಿ ಹಾಕತೊಡಗಿದ.

ಗುಬ್ಬಿ ಒಳಗೆ ಹೋಗಿ ಪಿಯಾನೊವನ್ನು ಅಮ್ಮನ ಮಂಚದ ಮೇಲಿಟ್ಟಳು. ಬಟನ್ ಒತ್ತಿ ಮೈನಸ್ ನಾಲ್ಕಕ್ಕೆ ತಂದು ನುಡಿಸಿದಳು. ಹೌದು, ಇದೇ. ಆದರೆ ಇಷ್ಟು ದಿನ ಮೆತ್ತಗೆ ಎಂದುಕೊಂಡದ್ದು ಸುಸ್ತು ಎಂದು ಅವಳಿಗೆ ಈಗ ತಿಳಿಯಿತು. ಅಮ್ಮ ಪಕ್ಕದಲ್ಲೇ ಕೂತು ಅದನ್ನು ಬಚ್ಚಿಟ್ಟಿದ್ದಳು.

ಮೈನಸ್ ಮೂರು. ಮೈನಸ್ ಎರಡು. ಒಂದೊಂದಕ್ಕೂ ಒಂದು ಸಲ ನುಡಿಸುತ್ತಾ ಬಂದಳು. ಕೊನೆಗೆ ಸೊನ್ನೆ.

ಸೊನ್ನೆಗೆ ಬಂದಾಗ ಟೆರೇಸ್ ನೆನಪಾಯಿತು. ಅಮ್ಮ ತುಟಿಯಲ್ಲಿ ಕ್ಲಿಪ್ ಕಚ್ಚಿಕೊಂಡು ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ ಖಾಲಿಯಾದ ತಕ್ಷಣ ದನಿ ಎತ್ತಿದರೆ ರಸ್ತೆಗೆಲ್ಲ ಕೇಳುತ್ತಿತ್ತು. ರೇಡಿಯೋ ಸ್ವಲ್ಪ ಸಣ್ಣ ಮಾಡೇ ಎಂದು ಪಕ್ಕದ ಮನೆ ಅಜ್ಜಿ ರೇಗಿಸುತ್ತಿದ್ದರು. ಅಂಥ ಅಮ್ಮನನ್ನು ತಾನು ಮರೆತೇಬಿಟ್ಟಿದ್ದೆ ಎನ್ನಿಸಿ ಗುಬ್ಬಿಗೆ ಅಳು ಉಕ್ಕಿ ಬಂತು. ತಡೆಯಲು ಹೋಗಲಿಲ್ಲ. ಅಂಗಡಿಯಲ್ಲಿ ಇಸ್ತ್ರಿಯ ಸದ್ದು ನಿಂತಿತ್ತು.

ಮರುದಿನ ಮಿಸ್ ಬಗ್ಗಿ ಪರದೆ ನೋಡುವ ಹೊತ್ತಿಗೆ ಅಲ್ಲಿ ಸೊನ್ನೆಯೇ ಇತ್ತು.

"ಹೊಟ್ಟೆನೋವು ಹೋಯ್ತಾ?" ಎಂದು ಅವರು ಕೇಳಿದರು. ಗುಬ್ಬಿ ಹಾಡುವವರ ಕಡೆ ತಿರುಗಿದಳು.

"ಜೋರಾಗಿ ಹಾಡ್ರೋ. ರಸ್ತೆಗೆ ಕೇಳಬೇಕು."

ನುಡಿಸುತ್ತಾ ನುಡಿಸುತ್ತಾ ಆ ಮೇಲಿನ ಸ್ವರ ಹತ್ತಿರ ಬಂತು, ಅಮ್ಮನಿಗೆ ಮೊದಲು ಎಟುಕದೆ ಹೋದದ್ದು. ಗುಬ್ಬಿ ಆ ಕೀ ಒತ್ತಿ ಹಿಡಿದಳು. ಮಕ್ಕಳೆಲ್ಲ ಆ ಸ್ವರವನ್ನು ಮುಟ್ಟುವವರೆಗೂ ಅವಳು ಕೀ ಮೇಲಿಂದ ಬೆರಳು ತೆಗೆಯಲಿಲ್ಲ.