ಖಾಲಿ ಹೊಟ್ಟೆಯ ಗುಳಿಗೆ

"ಬಾಯಿ ತಗಿ," ಎಂದಳು ಗೌರಾಬಾಯಿ.

ಸೊಸೆ ರೂಪಾಲಿ ತುಟಿ ಬಿಗಿದು ತಲೆಯಲ್ಲಾಡಿಸಿದಳು. ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು. ಬೆಳಗಿನ ಆರೂವರೆ. ಅಡುಗೆಮನೆಯ ಕಿಟಕಿಯಾಚೆ ದ್ರಾಕ್ಷಿಯ ಸಾಲುಗಳ ಮೇಲೆ ಬೆಳಕು ಆಗಷ್ಟೇ ಇಳಿಯುತ್ತಿತ್ತು. ಗೌರಾಬಾಯಿ ಎತ್ತಿಗೆ ಔಷಧಿ ಕುಡಿಸುವಾಗ ಹಿಡಿಯುವಂತೆ ಎಡಗೈಯಿಂದ ಸೊಸೆಯ ದವಡೆ ಹಿಂಡಿ, ಬಲಗೈಯ ಎರಡು ಬೆರಳನ್ನು ಬಾಯೊಳಗೆ ತೂರಿಸಿದಳು. ರೂಪಾಲಿ ಓಕರಿಸಿದಳು. ಹಲ್ಲು ಬೆರಳಿಗೆ ನೆಟ್ಟವು. ಗೌರಾಬಾಯಿ ಬಿಡಲಿಲ್ಲ. ನಾಲಗೆಯ ಬುಡದಿಂದ ಅರ್ಧ ಕರಗಿದ ಬಿಳಿ ಗುಳಿಗೆಯನ್ನು ಕೆದಕಿ ತೆಗೆದು ನೆಲಕ್ಕೆ ಒಗೆದು ಅಂಗಾಲಿನಿಂದ ಒರೆಸಿಬಿಟ್ಟಳು. ತನ್ನ ಬೆರಳಿನಿಂದ ರಕ್ತ ಸೋರುತ್ತಿರುವುದು ಅವಳಿಗೆ ಕಂಡದ್ದು ಆಮೇಲೆ.

"ಎರಡ ತಿಂಗಳ ಬಸರಿ ನೀ. ಹೊಟ್ಯಾಗಿನ ಬೀಜ ಕರಗಸೂ ಗುಳಿಗಿ ನುಂಗಾಕತ್ತಿ. ನನ್ನ ಮನ್ಯಾಗ, ನನ್ನ ಕಣ್ಣ ಮುಂದ."

ರೂಪಾಲಿ ಗೋಡೆಗೆ ಒರಗಿ ಕುಸಿದಳು. ತುಟಿಯ ಅಂಚಿನಲ್ಲಿ ಅತ್ತೆಯ ರಕ್ತ ಹತ್ತಿತ್ತು. "ಕರಗಸೂದಲ್ರಿ ಅತ್ತೀ… ಅದನ್ನ ತಗೊಂಡ ಮ್ಯಾಲನ ಇದು ನಿಂತಿದ್ದು. ಬಿಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ."

ಗೌರಾಬಾಯಿ ನಂಬಲಿಲ್ಲ. ನಂಬದಿರಲು ಅವಳಿಗೆ ಇಪ್ಪತ್ತೆರಡು ವರ್ಷದ ಸಾಕ್ಷಿಯಿತ್ತು, ಮತ್ತು ಆ ಸಾಕ್ಷಿ ಕಿಟಕಿಯಾಚೆಯೇ ನಿಂತಿತ್ತು.

ಅಥಣಿಯಿಂದ ಹದಿನೆಂಟು ಕಿಲೋಮೀಟರ್ ದೂರದ ಆ ನಾಲ್ಕು ಎಕರೆ ತೋಟವನ್ನು ಅವಳ ಗಂಡ ರಾವಸಾಹೇಬ ತೊಂಬತ್ತನೇ ಇಸವಿಯಲ್ಲಿ ಹಚ್ಚಿದ್ದ. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಈಗ ಮಗ ರೋಹನ ನೋಡಿಕೊಳ್ಳುತ್ತಿದ್ದ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ಣಿ ಮುಗಿದು ಗೊನೆಗಳು ಹೂ ಬಿಟ್ಟು ಕಾಳು ಕಟ್ಟಿದ ಮೇಲೆ, ಪ್ರತಿ ಗೊನೆಯನ್ನೂ ಹಾರ್ಮೋನು ಕಲಸಿದ ನೀರಿನ ಮಗ್ಗಿನಲ್ಲಿ ಅದ್ದಬೇಕು. ಈ ಡಿಪ್ಪಿಂಗ್ ಹೆಂಗಸರ ಕೆಲಸ. ಗೌರಾಬಾಯಿ ಇಪ್ಪತ್ತೆರಡು ವರ್ಷ ಮಣಿಕಟ್ಟಿನವರೆಗೆ ಕೈ ತೋಯಿಸಿಕೊಂಡು ಆ ಕೆಲಸ ಮಾಡಿದ್ದಳು. ಅಕ್ಕಿಯಷ್ಟಿದ್ದ ಕಾಳು ಆ ನೀರು ಕುಡಿದು ಹೆಬ್ಬೆರಳಿನಷ್ಟು ದಪ್ಪಗಾಗುವುದನ್ನು ಕಣ್ಣಾರೆ ಕಂಡಿದ್ದಳು. ಹಣ್ಣು ಕಚ್ಚಿದರೆ ಒಳಗೆ ಬೀಜವಿಲ್ಲ. ಹಾರ್ಮೋನು ಮೈ ದಪ್ಪ ಮಾಡುತ್ತದೆ, ಬೀಜ ತಿನ್ನುತ್ತದೆ. ಇದು ಅವಳ ಲೆಕ್ಕ. ಯಾರೂ ಅದನ್ನು ತಿದ್ದಿರಲಿಲ್ಲ.

ಸೊಸೆ ಬಂದು ನಾಲ್ಕು ವರ್ಷ. ಬಂದ ಎರಡನೇ ವರ್ಷಕ್ಕೆ ಮುಖ ಊದಿಕೊಂಡಿತು, ಮೈ ಭಾರವಾಯಿತು, ಕೂದಲು ಉದುರಿತು. ಹಿಟ್ಟು ನಾದುತ್ತ ಕೂತಲ್ಲೇ ನಿದ್ದೆಗೆ ಜಾರುವಳು. ಮಗುವಿನ ಸುಳಿವಿಲ್ಲ. ರೋಹನ ಅಥಣಿಯ ಡಾಕ್ಟರಮ್ಮನಿಗೆ ತೋರಿಸಿದ. ಮಿರಜಿನಿಂದ ರಕ್ತದ ವರದಿ ಬಂತು. ಗಂಟಲಿನ ಗ್ರಂಥಿ ಕೆಲಸ ಮಾಡುತ್ತಿಲ್ಲ ಎಂದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಒಂದು ತಾಸು ಚಹಾ ಕುಡಿಯಬಾರದು. ಕಬ್ಬಿಣದ ಗುಳಿಗೆ ಮಧ್ಯಾಹ್ನದ ಊಟದ ನಂತರ. ಎರಡನ್ನೂ ಕೂಡಿಸಿ ನುಂಗಬಾರದು. ಗೌರಾಬಾಯಿ ಇದನ್ನು ತಾಕತ್ತಿನ ಗುಳಿಗೆ ಎಂದುಕೊಂಡು ಹನ್ನೊಂದು ತಿಂಗಳು ಸುಮ್ಮನಿದ್ದಳು. ನಿನ್ನೆ ಅಥಣಿಯ ಔಷಧಿ ಅಂಗಡಿಗೆ ಸೊಸೆಯ ಜೊತೆ ಅವಳೂ ಹೋಗಿದ್ದಳು. ಅಂಗಡಿಯವನು ಡಬ್ಬಿ ಕೊಡುತ್ತ, ಬಸುರಿಯಾದರೆ ಈ ಹಾರ್ಮೋನಿನ ಪ್ರಮಾಣ ಹೆಚ್ಚಿಸುತ್ತಾರೆ, ಡಾಕ್ಟರು ಹೆಚ್ಚಿಸಿದ್ದಾರಾ ಎಂದು ಕೇಳಿದ. ಗೌರಾಬಾಯಿಗೆ ಎಲ್ಲವೂ ಒಮ್ಮೆಲೇ ತಿಳಿದುಹೋಯಿತು. ದಪ್ಪಗಾದ ಮೈ. ಬರಿದಾದ ಮಡಿಲು. ದೇವರ ದಯೆಯಿಂದ ಹೇಗೋ ನಿಂತ ಒಂದು ಬೀಜ, ಅದರ ಮೇಲೆ ಇನ್ನಷ್ಟು ಹಾರ್ಮೋನು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವಳು ತೋಟದ ಔಷಧಿ ಖೋಲಿಗೆ ನಡೆದಳು. ರೋಹನ ಅಲ್ಲಿ ಅಕ್ಕಸಾಲಿಗರ ಪುಟ್ಟ ತಕ್ಕಡಿಯಲ್ಲಿ ಹಾರ್ಮೋನಿನ ಬಿಳಿ ಪುಡಿ ತೂಗುತ್ತಿದ್ದ. ನೂರು ಲೀಟರಿಗೆ ನಾಲ್ಕು ಗ್ರಾಮು. ಮೊದಲು ಸ್ಪಿರಿಟಿನಲ್ಲಿ ಕರಗಿಸಬೇಕು, ಆಮೇಲೆ ನೀರು. ಒಂದು ಗ್ರಾಮು ಹೆಚ್ಚುಕಡಿಮೆಯಾದರೂ, ಒಂದು ದಿನ ತಡವಾದರೂ ಅವನು ಸಹಿಸುತ್ತಿರಲಿಲ್ಲ. ತಾಯಿ ಹೇಳಿದ್ದನ್ನೆಲ್ಲ ತಕ್ಕಡಿಯ ಮುಳ್ಳನ್ನೇ ನೋಡುತ್ತ ಕೇಳಿಸಿಕೊಂಡ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ.

"ಡಿಪ್ಪಿಂಗ್ ಮುಗೀಲಿ ಅವ್ವಾ," ಎಂದ ಕೊನೆಗೆ. "ಆಮ್ಯಾಲ ಡಾಕ್ಟರಿಗೆ ಕೇಳೂಣು."

ಗೌರಾಬಾಯಿ ಗುಳಿಗೆಯ ಡಬ್ಬಿಯನ್ನು ಅದೇ ಖೋಲಿಯ ಮೇಲಿನ ಹಲಗೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಲಸಕ್ಕೆ ಖೋಲಿ ಬೇಕಾದಾಗ ರೋಹನ ಅವಳನ್ನು ಕರೆದು ತೆಗೆಸುತ್ತಿದ್ದ. ಡಬ್ಬಿ ಅವನ ತಲೆಯ ಮಟ್ಟದಲ್ಲೇ ಇರುತ್ತಿತ್ತು.

ಮೂರು ವಾರ ಹಾಗೇ ಸಾಗಿತು. ರೂಪಾಲಿಯ ಕಾಲು ಬಾತವು. ಮಧ್ಯಾಹ್ನದ ಬಿಸಿಲಿನಲ್ಲೂ ಚಳಿ ಎಂದು ಶಾಲು ಹೊದ್ದು ಕೂರುವಳು. ತವರು ಕಾಗವಾಡಕ್ಕೆ ಫೋನು ಮಾಡುತ್ತೇನೆ ಎಂದಾಗ ಗೌರಾಬಾಯಿ ಮೊಬೈಲನ್ನೂ ಕಸಿದುಕೊಂಡಳು. ಹಾಲು, ಬೆಲ್ಲ, ಅಳಿವಿಯ ಪಾಯಸ, ಮೊಳಕೆ ಹೆಸರು, ತಾನು ಬಲ್ಲ ಎಲ್ಲವನ್ನೂ ಮಾಡಿ ಎದುರಿಗಿಟ್ಟು, ತಿನ್ನುವವರೆಗೆ ಕಾದು ಕೂರುವಳು. ಸೊಸೆಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುವಳು. ಅದು ನಾಟಕವಲ್ಲ. ಆ ಕೂಸಿಗಾಗಿ ಗೌರಾಬಾಯಿ ತನ್ನ ಜೀವವನ್ನೂ ಕೊಡಲು ತಯಾರಿದ್ದಳು. ಹಾಗೆ ತಯಾರಿದ್ದುದರಿಂದಲೇ ಬೇರೆಯವರ ಮೈಯ ನೋವು ಅವಳಿಗೆ ಕಾಣುತ್ತಿರಲಿಲ್ಲ.

ಎರಡನೇ ಸುತ್ತಿನ ಡಿಪ್ಪಿಂಗಿನ ಕೊನೆಯ ದಿನ. ಕೆಲಸಕ್ಕೆ ಬರುವ ಸುಂದರಾ ಊಟದ ಗಂಟು ಬಿಚ್ಚಿ, ರೊಟ್ಟಿಯ ಕೆಳಗಿನಿಂದ ಏನನ್ನೋ ತೆಗೆದು ರೂಪಾಲಿಯ ಕೈಗೆ ದಾಟಿಸಿದ್ದು ಗೌರಾಬಾಯಿಯ ಕಣ್ಣಿಗೆ ಬಿತ್ತು. ಬಿಳಿ ಡಬ್ಬಿ. ಖೋಲಿಯಲ್ಲಿ ಬೀಗ ಹಾಕಿಟ್ಟಂಥದೇ, ಹೊಸದು.

ಸಾಲಿನ ತುದಿಯಲ್ಲಿ ಹನಿ ನೀರಾವರಿಯ ಕರಿ ಪೈಪಿನ ತುಂಡು ಬಿದ್ದಿತ್ತು. ಗೌರಾಬಾಯಿ ಅದನ್ನೆತ್ತಿಕೊಂಡಳು. ಮೊದಲ ಏಟು ರೂಪಾಲಿಯ ಕೈಗೆ ಬಿತ್ತು. ಡಬ್ಬಿ ಹಾರಿ ಗುಳಿಗೆಗಳು ಕೆಸರಲ್ಲಿ ಚೆಲ್ಲಿದವು. ರೂಪಾಲಿ ಬಾಗಿ ಅವುಗಳನ್ನು ಆರಿಸತೊಡಗಿದ್ದನ್ನು ಕಂಡು ಗೌರಾಬಾಯಿಯ ನೆತ್ತಿಗೆ ಸಿಟ್ಟೇರಿತು. ಬೆನ್ನಿಗೆ, ತೊಡೆಗೆ, ಹೆಗಲಿಗೆ ಹೊಡೆದಳು. ಹೊಟ್ಟೆಗೆ ತಾಗದಂತೆ ಜಾಗ ನೋಡಿ ನೋಡಿ ಹೊಡೆದಳು. ಪೈಪು ಬಿದ್ದಲ್ಲೆಲ್ಲ ರವಿಕೆ ಹರಿಯಿತು.

"ಬಾಯಾರ, ಬಸರಿ ಹೆಣಮಗಳ್ರಿ ಅಕಿ!" ಸುಂದರಾ ಪೈಪಿಗೆ ಕೈ ಹಾಕಿದಳು. ಗೌರಾಬಾಯಿ ಅವಳ ಕಿವಿಯ ಮೇಲೆ ಬಾರಿಸಿದಳು.

ನಾಲ್ಕು ಸಾಲು ಆಚೆ ರೋಹನ ಮಗ್ಗು ಹಿಡಿದು ನಿಂತಿದ್ದ. "ಅವ್ವಾ, ಸಾಕ ಬಿಡು," ಎಂದ. ಎಂದನೇ ಹೊರತು ನಿಂತಲ್ಲಿಂದ ಕದಲಲಿಲ್ಲ. ಕೈಯಲ್ಲಿದ್ದ ಗೊನೆಯನ್ನು ಪೂರ್ತಿ ಅದ್ದಿ ತೆಗೆದ ಮೇಲೆಯೇ ಮಗ್ಗು ಕೆಳಗಿಟ್ಟ. ಅಷ್ಟರಲ್ಲಿ ರೂಪಾಲಿ ಏಟು ತಪ್ಪಿಸಿಕೊಳ್ಳಲು ಹೊರಳಿ, ಚಪ್ಪರದ ಕಬ್ಬಿಣದ ಕಂಬಕ್ಕೆ ಪಕ್ಕೆ ಬಡಿದು ಬಿದ್ದಿದ್ದಳು. ಅವಳ ಮುಷ್ಟಿಯಲ್ಲಿ ಕೆಸರು ಹತ್ತಿದ ಮೂರು ಗುಳಿಗೆಗಳಿದ್ದವು.

ಮೂರನೇ ದಿನ ಬೆಳಿಗ್ಗೆ ಬಚ್ಚಲಿನ ನೆಲ ಕೆಂಪಾಯಿತು.

ಅಥಣಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಳಗಿನಿಂದ ಬಂದು ಕೈಗವಸು ಕಳಚಿದಳು. ಕೂಸು ಉಳಿಯಲಿಲ್ಲ ಎಂದಳು. ಬೆನ್ನಿನ ಮೇಲಿನ ಬಾಸುಂಡೆಗಳನ್ನು ತಾನು ಬರೆದುಕೊಂಡಿದ್ದಾಗಿಯೂ, ರೂಪಾಲಿ ಒಪ್ಪಿದರೆ ಪೊಲೀಸರಿಗೆ ತಿಳಿಸುವುದಾಗಿಯೂ ಹೇಳಿದಳು. ಗುಳಿಗೆ ಎಷ್ಟು ದಿನದಿಂದ ಬಿಟ್ಟಿದ್ದಾಳೆ ಎಂದು ಕೇಳಿದಳು. ಗೌರಾಬಾಯಿ ಮುಂದೆ ಬಂದಳು.

"ನಾನ ಬಿಡಿಸೇನ್ರಿ. ಹಾರ್ಮೋನಿಗೆ ಬೀಜ ಹೋಗತೈತಿ, ನಮ್ಮ ದ್ರಾಕ್ಷ್ಯಾಗ ನೋಡೇನಿ. ಬಿಡಿಸಿದ ಮ್ಯಾಲೂ ಹ್ಯಾಂಗ ಹೋತ್ರಿ?"

ಡಾಕ್ಟರಮ್ಮ ಕೈಗವಸುಗಳನ್ನು ಬುಟ್ಟಿಗೆ ಹಾಕಿ ಅವಳ ಕಡೆ ತಿರುಗಿದಳು. ಆ ಗುಳಿಗೆ ಹೊರಗಿನ ವಸ್ತುವಲ್ಲ, ಮೈಯೇ ತಯಾರಿಸಬೇಕಾದ್ದು, ಇವಳ ಮೈ ತಯಾರಿಸುತ್ತಿಲ್ಲ, ಕೂಸು ಬೆಳೆಯಲು ತಾಯಿಯಿಂದ ಅದು ಬೇಕೇ ಬೇಕು ಎಂದು ಬಿಡಿಸಿ ಹೇಳಿದಳು. "ಗುಳಿಗಿ ಬಿಟ್ಟದ್ದರಿಂದ ಹೋತೋ, ಹೊಡತದಿಂದ ಹೋತೋ, ಎರಡೂ ಅಲ್ಲೋ, ನಾ ಖಾತ್ರಿಲೆ ಹೇಳಾಕ ಬರೂದಿಲ್ಲ ಅವ್ವಾರ. ದ್ರಾಕ್ಷಿದು ನಿಮ್ಮ ಮಗಗ ಕೇಳ್ರಿ. ಅಂವಗ ಗೊತ್ತಿರತೈತಿ."

ಗೌರಾಬಾಯಿ ಮಗನ ಕಡೆ ತಿರುಗಿದಳು. ರೋಹನ ಗೋಡೆ ನೋಡುತ್ತಿದ್ದ.

"ನಮ್ಮ ಬಳ್ಳಿಯ ಜಾತಿನ ಬೀಜ ಇಲ್ಲದ್ದು ಅವ್ವಾ. ಹಾರ್ಮೋನಿಂದ ಕಾಳ ಉದ್ದ, ದಪ್ಪ ಅಕ್ಕೈತಿ, ಅಷ್ಟ. ಬೀಜಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಗೊತ್ತಿತ್ತ ನಿನಗ?"

"ಹೂಂ."

"ಆವತ್ತ ಯಾಕ ಹೇಳಲಿಲ್ಲ?"

"ಡಿಪ್ಪಿಂಗ್ ನಡದಿತ್ತು. ನಿನ್ನ ಜೋಡಿ ಜಗಳಾಡಕೊಂತ ಕುಂತಿದ್ರ ದಿನಾ ಹೋಗತಿದ್ದು…"

ಗೌರಾಬಾಯಿ ಮಗನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಬೆರಳಿನ ಇನ್ನೂ ಮಾಯದ ಗಾಯ ಒಡೆದು ಅವನ ಬಿಳಿ ಅಂಗಿಯ ಮೇಲೆ ರಕ್ತ ಹಾರಿತು, ಅವಳು ನಿಲ್ಲಿಸಲಿಲ್ಲ. ಅವನು ಕೈ ಅಡ್ಡ ತರಲಿಲ್ಲ. ಕೊನೆಗೆ ಅದೇ ಕೈಯಿಂದ ತನ್ನ ಮುಖಕ್ಕೇ ಬಡಿದುಕೊಳ್ಳತೊಡಗಿದಳು. ನರ್ಸು ಹಿಂದಿನಿಂದ ಹಿಡಿದು ಬೆಂಚಿನ ಮೇಲೆ ಕೂರಿಸುವಾಗ ಯಾವಾಗಲೂ ಕೊರಳಿಗೆ ಬಿಗಿಯಾಗಿ ಸುತ್ತಿರುತ್ತಿದ್ದ ಸೆರಗು ಜಾರಿತು.

ಡಾಕ್ಟರಮ್ಮ ಹತ್ತಿರ ಬಂದು ಅವಳ ಗಂಟಲಿನ ಮೇಲೆ ಬೆರಳಿಟ್ಟಳು. "ಒಮ್ಮಿ ಉಗುಳ ನುಂಗ್ರಿ." ನಿಂಬೆಹಣ್ಣಿನಷ್ಟು ಗಡ್ಡೆ ಬೆರಳಿನಡಿ ಮೇಲೇರಿ ಇಳಿಯಿತು. "ಎಷ್ಟ ವರ್ಷಾತ್ರಿ ಇದು?"

ಎಷ್ಟು ವರ್ಷ? ಮದುವೆಯಾದ ಹೊಸದರಲ್ಲಿ ಜೋಳದ ಹೊಲದಲ್ಲಿ ಕಳೆ ತೆಗೆಯುತ್ತ ಕೂತಲ್ಲೇ ನಿದ್ದೆ ಹೋದದ್ದಕ್ಕೆ ರಾವಸಾಹೇಬ ಬಾರುಕೋಲಿನಿಂದ ಎಬ್ಬಿಸಿದ್ದ. ಮೈಗಳ್ಳಿ ಎಂದು ಇಡೀ ಓಣಿಗೆ ಹೇಳಿದ್ದ. ಅಂದಿನಿಂದ ಸುಟ್ಟ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕಿಕೊಂಡು, ಚಹಾದ ಮೇಲೆ ಚಹಾ ಕುಡಿದು ಎಚ್ಚರವಾಗಿರುವುದನ್ನು ಅವಳು ಕಲಿತಿದ್ದಳು. ರೋಹನನಿಗಿಂತ ಮೊದಲು ಎರಡು ಬಸಿರು ಹೋಗಿದ್ದವು. ಆಮೇಲೆ ಎರಡು. ಪ್ರತಿ ಸಲವೂ ಏಟು ಬಿದ್ದಿದ್ದವು. ಅವು ತನ್ನ ತಪ್ಪೆಂದೇ ಅವಳು ಮೂವತ್ತೈದು ವರ್ಷ ನಂಬಿದ್ದಳು. ಆ ನಾಲ್ಕನ್ನೂ ಈಗ ಡಾಕ್ಟರಮ್ಮನಿಗೆ ಹೇಳಿದಳು.

ನಾಲ್ಕು ದಿನಕ್ಕೆ ಮಿರಜಿನಿಂದ ಅವಳ ರಕ್ತದ ವರದಿ ಬಂತು. ಸೊಸೆಯ ರೋಗವೇ ಅತ್ತೆಗೂ.

ರೂಪಾಲಿ ಆಸ್ಪತ್ರೆಯಿಂದ ನೇರ ಕಾಗವಾಡಕ್ಕೆ ಹೋದಳು. ಪೊಲೀಸರಿಗೆ ಏನು ಹೇಳುವುದೆಂದು ಆಮೇಲೆ ತಿಳಿಸುತ್ತೇನೆ ಎಂದಿದ್ದಳು. ಹದಿನೈದು ದಿನದ ನಂತರ ಒಂದು ಬೆಳಿಗ್ಗೆ ಅಪ್ಪನ ಜೊತೆ ಬಂದಳು, ತನ್ನ ಬಟ್ಟೆ, ಕಾಗದಪತ್ರ ಒಯ್ಯಲು. ಅಪ್ಪ ಜೀಪಿನಿಂದ ಇಳಿಯಲಿಲ್ಲ. ಅಂಗಳದಲ್ಲಿದ್ದ ರೋಹನ ಎದ್ದು ನಿಂತ. ಅವಳು ಅವನನ್ನು ದಾಟಿ ಒಳಗೆ ಹೋದಳು.

ಗೌರಾಬಾಯಿ ಉರಿಯದ ಒಲೆಯ ಮುಂದೆ ಕೂತಿದ್ದಳು. ಸೊಸೆಯನ್ನು ಕಂಡವಳೇ ಸೊಂಟದ ಕೀಲಿ ತೆಗೆದು ಎರಡೂ ಕೈಯಲ್ಲಿ ಚಾಚಿದಳು. ರೂಪಾಲಿ ಕೀಲಿ ತೆಗೆದುಕೊಳ್ಳಲಿಲ್ಲ. ಅವಳ ಕಣ್ಣು ಗೂಡಿನಲ್ಲಿದ್ದ ಡಬ್ಬಿಯ ಮೇಲಿತ್ತು. ಗೌರಾಬಾಯಿಯ ಹೆಸರಿಗೆ ಬರೆದುಕೊಟ್ಟ ನೂರು ಗುಳಿಗೆಯ ಡಬ್ಬಿ. ಮುಚ್ಚಳದ ಸೀಲು ಹಾಗೇ ಇತ್ತು.

"ಯಾಕ ತಗೊಂಡಿಲ್ಲ?"

"ನನಗ್ಯಾಕ ಬೇಕ ಇನ್ನ? ನಾ ಮಾಡಿದ್ದಕ್ಕ ಈ ಸಂಕಟ ಇರಲಿ. ಹಿಂಗ ಹೋಗತೇನಿ."

ರೂಪಾಲಿ ಸೀಲು ಒಡೆದಳು. ಒಂದು ಗುಳಿಗೆ ಅಂಗೈಗೆ ಸುರಿದುಕೊಂಡು ಅತ್ತೆಯ ಎದುರು ಮಂಡಿಯೂರಿದಳು.

"ಬಾಯಿ ತಗೀರಿ."

ಗೌರಾಬಾಯಿ ತಲೆಯಲ್ಲಾಡಿಸಿದಳು. ರೂಪಾಲಿ ಎಡಗೈಯಿಂದ ಅವಳ ದವಡೆ ಹಿಡಿದು ಹಿಂಡಿದಳು. ಕೈಯಲ್ಲಿ ಕರುಣೆಯಿರಲಿಲ್ಲ, ಬಿಟ್ಟುಹೋದ ಕೂಸಿನ ಸಿಟ್ಟೆಲ್ಲ ಆ ಹಿಡಿತದಲ್ಲಿತ್ತು. ಎರಡು ಬೆರಳಿನಿಂದ ಗುಳಿಗೆಯನ್ನು ನಾಲಗೆಯ ಬುಡಕ್ಕೆ ತಳ್ಳಿದಳು. ಉಗುರು ಅಂಗುಳಕ್ಕೆ ತಾಗಿತು. ಗೌರಾಬಾಯಿ ಕಚ್ಚಲಿಲ್ಲ. ಕಣ್ಣಿಂದ ನೀರಿಳಿದು ಸೊಸೆಯ ಮಣಿಕಟ್ಟಿನ ಮೇಲೆ ಹರಿಯಿತು.

"ನುಂಗ್ರಿ."

ಗಂಟಲಿನ ಗಡ್ಡೆ ಮೇಲೇರಿ ಇಳಿಯಿತು. ರೂಪಾಲಿ ನೀರಿನ ಲೋಟ ಕೊಟ್ಟು, ಎದ್ದು, ಕೈ ತೊಳೆದುಕೊಂಡಳು.

"ನಾಕ ಕೂಸು ಕಳಕೊಂಡೀರಿ ನೀವು. ಡಾಕ್ಟರ್ ಹೇಳಿದ್ರು. ಅದಕ್ಕ ಕೊಟ್ಟೇನಿ, ಮರತ ಕೊಟ್ಟಿಲ್ಲ."

"ಹೊಳ್ಳಿ ಬರ್ತೀಯೇನವಾ?"

"ಗೊತ್ತಿಲ್ರಿ. ಆರ ವಾರಕ್ಕ ನಿಮ್ಮ ರಕ್ತ ತಪಾಸ ಮಾಡಸೂದೈತಿ. ನಂದೂ ಆವತ್ತ. ದಿನಾ ತಗೊಂಡಿದ್ರ ಕಾಗದದಾಗ ಕಾಣತೈತಿ, ಬಿಟ್ಟಿದ್ರೂ ಕಾಣತೈತಿ. ಅಥಣ್ಯಾಗ ಸಿಗತೇನಿ."

ಜೀಪು ಹೊರಟ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ರೋಹನ ಬಾಗಿಲಲ್ಲಿ ಬಂದು ನಿಂತ. ಮುಖ ಕಪ್ಪಿಟ್ಟಿತ್ತು. ಬೇರೇನೂ ತೋಚದೆ, ಚಹಾ ಇಡವ್ವಾ ಎಂದ.

ಗೌರಾಬಾಯಿ ಗೋಡೆಯ ಗಡಿಯಾರ ನೋಡಿದಳು. ಏಳು ಗಂಟೆ ಹತ್ತು ನಿಮಿಷ. ದವಡೆಯ ಮೇಲೆ ಸೊಸೆಯ ಬೆರಳಿನ ಗುರುತು ಇನ್ನೂ ಉರಿಯುತ್ತಿತ್ತು.

"ಒಂದ ತಾಸ ತಡಿ," ಎಂದಳು, ಕೂತಲ್ಲಿಂದ ಏಳದೆ.