ಸಂಧಿವಿಗ್ರಹಿಯ ಮನೆ

ಶಂಖಿನೀ ನದಿಯು ಮೂರು ಕಡೆಯಿಂದ ಬಳಸಿ ಹರಿಯುವ ಮಾಣಿಕಪುರವು ಫಾಲ್ಗುಣ ಮಾಸದ ಕೊನೆಯ ದಿನಗಳಲ್ಲಿ ಯುಗಾದಿಯ ಸಂಭ್ರಮಕ್ಕೆ ಸಜ್ಜಾಗುತ್ತಿತ್ತು. ರಾಜಬೀದಿಯ ಇಕ್ಕೆಲದ ಉಪ್ಪರಿಗೆಗಳಿಗೆ ಸುಣ್ಣ ಬಳಿಯುವವರ ಕೂಗು, ನದಿಗೆ ಮೀಯಲು ಹೊರಟ ಪಟ್ಟದಾನೆಯ ಘಂಟಾನಾದ, ಹೂವಾಡಗಿತ್ತಿಯರ ಬುಟ್ಟಿಗಳಿಂದ ಹೊಮ್ಮುವ ಸುರಗಿಯ ಕಂಪು, ಇವೆಲ್ಲ ಬೆರೆತು ನಗರಕ್ಕೆ ನಗರವೇ ಮದುವೆಮನೆಯಂತೆ ಗಿಜಿಗುಡುತ್ತಿತ್ತು. ಆದರೆ ಮಂತ್ರಿಗಳ ಕೇರಿಯ ಕೊನೆಯ ಮನೆಯ ಮುಂದೆ ಬಂದಾಗ ಮಾತ್ರ ದಾರಿಹೋಕರು ಮಾತು ನಿಲ್ಲಿಸಿ ಹೆಜ್ಜೆಯನ್ನು ಚುರುಕುಗೊಳಿಸುತ್ತಿದ್ದರು. ಅದು ನೆರೆರಾಜ್ಯಗಳೊಡನೆ ಯುದ್ಧ ಶಾಂತಿಗಳ ಮಾತು ನಡೆಸುತ್ತಿದ್ದ ಸಂಧಿವಿಗ್ರಹಿ ಮಾಧವರಸರ ಮನೆ. ಮೂರು ವರ್ಷಗಳ ಹಿಂದೆ ರಾಜದ್ರೋಹಿಯೆಂಬ ಹೆಸರು ಹೊತ್ತು ಆತ ಅದರ ಹಿತ್ತಿಲಿನಲ್ಲೇ ಹತನಾಗಿದ್ದ. ದ್ರೋಹಿಗೆ ಸಂಸ್ಕಾರವಿಲ್ಲವೆಂದು ದೇಹವನ್ನು ನದಿಗೆ ಎಸೆದಿದ್ದರು. ಅರಮನೆ ಮುಟ್ಟುಗೋಲು ಹಾಕಿಕೊಂಡ ಆ ಮನೆಯನ್ನು ಕೊಳ್ಳಲು ಅಂದಿನಿಂದ ಯಾರೂ ಮುಂದೆ ಬಂದಿರಲಿಲ್ಲ.

ಈಗ ಕೊಂಡವನು ಮಾಚೆಯನಾಯಕ. ಗಡಿಯ ಯುದ್ಧದಲ್ಲಿ ಬಲಗಾಲು ಊನವಾಗಿ ಸೇನೆಯಿಂದ ಬಿಡುಗಡೆ ಹೊಂದಿದ್ದ ಆತನಿಗೆ, ಹೆಂಡತಿ ಮತ್ತು ಮೂರು ವರ್ಷದ ಮಗಳನ್ನು ಕರೆತಂದು ಇರಿಸಲು ನೆಲೆಯೊಂದು ಬೇಕಿತ್ತು. "ಆ ಮನೆ ಬರಿದಾಗಿದೆ, ನಾಯಕರೇ, ತೆಗೆದುಕೊಳ್ಳಿ" ಎಂದು ಪ್ರಧಾನಿ ರೇಚರಸರು ಹೇಳಿದ್ದರು. ಪ್ರಧಾನಿಗಳ ಸಲಹೆಯನ್ನು ಆತ ಆಜ್ಞೆಯೆಂದೇ ತಿಳಿಯುವವನು. ಆ ಹಿತ್ತಿಲಿನ ನೆನಪಿಗೆ ಅಂಜಿ ಹಿಂಜರಿಯುವುದು ಸೈನಿಕನಿಗೆ ಸಲ್ಲದೆಂದು ತನಗೆ ತಾನೇ ಹೇಳಿಕೊಂಡು ಕ್ರಯದ ಓಲೆಯನ್ನು ಹಿಡಿದು ಬಂದಿದ್ದನು.

ಬರಿದೆಂದ ಮನೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು.

"ಬಾಗಿಲು ತೆಗೆಯಿರಿ! ಅರಮನೆಯ ಅಪ್ಪಣೆ!"

ಅಗುಳಿ ಸರಿಯಿತು. ನಾಲ್ವತ್ತು ತುಂಬುವ ಮುನ್ನವೇ ತಲೆ ಬೆಳ್ಳಗಾದ ಒಬ್ಬಾಕೆ ಹೊಸಿಲಿನಾಚೆ ನಿಂತಿದ್ದಳು. ಆಕೆ ಮಾಧವರಸರ ಪತ್ನಿ ಬಾಚಲದೇವಿ. ಹಣೆಯ ಕುಂಕುಮವನ್ನು ಆಕೆ ಅಳಿಸಿರಲಿಲ್ಲ.

"ಈ ಧ್ವನಿ ಈ ಬಾಗಿಲಿಗೆ ಹೊಸದಲ್ಲ" ಎಂದಳು ಆಕೆ ಮೆಲ್ಲಗೆ. "ಅಂದು ನಾನು ದೇವರ ಕೋಣೆಯಲ್ಲಿದ್ದೆ. ನಿಮ್ಮ ಮುಖ ಕಂಡಿರಲಿಲ್ಲ. ಒಳಗೆ ಬನ್ನಿ."

ಮಾಚೆಯನಾಯಕ ಓಲೆಯನ್ನು ಮುಂದೆ ಹಿಡಿದನು. "ತಾಯಿ, ಈ ಮನೆಯನ್ನು ನಾನು ಕೊಂಡಿದ್ದೇನೆ. ತಾವು ತೆರವು ಮಾಡಬೇಕು."

"ಮನೆ ನಿಮ್ಮದಾಗಿರಬಹುದು. ಅವರು ಇನ್ನೂ ಹೋಗಿಲ್ಲ. ಅವರನ್ನು ಬಿಟ್ಟು ನಾನು ಹೇಗೆ ಹೋಗಲಿ?"

ಹೆಣ್ಣಿನ ಮೇಲೆ ಕೈಮಾಡಲು ಮನಸ್ಸಾಗದೆ ಆತ ಹೊರಜಗಲಿಯಲ್ಲೇ ಬೀಡುಬಿಟ್ಟನು. ಬಾಚಲದೇವಿ ಹೊಸಿಲು ದಾಟುತ್ತಿರಲಿಲ್ಲ. ಮರುಕವುಳ್ಳ ನೆರೆಯವರು ಹಿತ್ತಿಲ ಗೋಡೆಯ ಮೇಲಿಂದ ನೀಡುವ ಅಕ್ಕಿಯಲ್ಲಿ ಆಕೆಯ ಜೀವನ. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಆಕೆ ನಡುಮನೆಯಲ್ಲಿ ಎರಡು ಎಲೆ ಹಾಕಿ, ಬಚ್ಚಲಮನೆಯ ಕಡೆ ಮುಖಮಾಡಿ, "ಎಲೆ ಹಾಕಿದೆ, ಬನ್ನಿ" ಎನ್ನುತ್ತಿದ್ದಳು. ಬಿಸಿಲಿಗೆ ಕಾಗೆಯೂ ಕೂಗದ ಆ ಹೊತ್ತಿನಲ್ಲಿ ಮರದ ಪಾದುಕೆಗಳ ಸಪ್ಪಳವು ಹಿತ್ತಿಲಿನಿಂದ ಒಂದೊಂದೇ ಹೆಜ್ಜೆಯಾಗಿ ಬಂದು ನಡುಮನೆಯಲ್ಲಿ ನಿಲ್ಲುವುದನ್ನು ಮಾಚೆಯನಾಯಕ ಮೊದಲ ದಿನ ಕೇಳಿದನು. ಭ್ರಮೆಯೆಂದುಕೊಂಡನು. ಎರಡನೆಯ ದಿನವೂ ಕೇಳಿದನು. ಹೆಣಗಳ ನಡುವೆ ಮಲಗಿ ನಿದ್ದೆಮಾಡಿದ್ದ ಆ ವೀರನು ಮೂರನೆಯ ದಿನ ಎದ್ದು ಒಳಗೆ ಇಣುಕಿದನು. ಆಕೆಯ ಎದುರಿನ ಎಲೆಯ ಮುಂದೆ ಯಾರೂ ಇರಲಿಲ್ಲ. ಆದರೆ ನೆಲ ಒದ್ದೆಯಾಗಿತ್ತು, ಮಿಂದು ಬಂದವರು ಅದೇತಾನೆ ಕುಳಿತಿದ್ದಂತೆ. ಮಾಧವರಸರು ಸತ್ತದ್ದು ಮಿಂದ ಮೈಯಲ್ಲೇ ಎಂಬುದು ಈತನಿಗೆ ತಿಳಿದಿತ್ತು.

ಐದನೆಯ ದಿನ ಪ್ರಧಾನಿಗಳ ಕರೆ ಬಂದಿತು.

"ಇನ್ನೂ ಆ ಹೆಂಗಸು ಅಲ್ಲೇ ಇದ್ದಾಳಂತೆ?" ರೇಚರಸರು ವೀಳ್ಯವನ್ನು ಮಡಿಸುತ್ತ ಕೇಳಿದರು. "ಯುಗಾದಿಗೆ ಮುನ್ನ ಆಕೆ ಬೀದಿಯಲ್ಲಿರಬೇಕು. ಕಟ್ಟಳೆಯಂತೆ ಆಕೆಯನ್ನು ಅರಮನೆಯ ಆಳು ಮುಟ್ಟುವಂತಿಲ್ಲ. ಮನೆಗೆ ಒಡೆಯನಾದವನು ಎಳೆದು ಹಾಕಬಹುದು."

"ಒಬ್ಬ ಅನಾಥೆಯಿಂದ ತಮಗೇನು ತೊಂದರೆ, ಪ್ರಭು?"

ರೇಚರಸರ ಕೈ ನಿಂತಿತು. "ಅಂದು ನೀವು ಪ್ರಶ್ನೆ ಕೇಳಿರಲಿಲ್ಲ, ನಾಯಕರೇ. ಆ ಗುಣವನ್ನೇ ನಾವು ಮೆಚ್ಚಿದ್ದೆವು."

ಮಾಚೆಯನಾಯಕ ಹಿಂದಿರುಗುವಾಗ ಆ ಮಾತು ಮೈಗೆ ಅಂಟಿದ ಕೆಸರಿನಂತೆ ಜೊತೆಗೇ ಬಂದಿತು. ಮನೆಯೊಳಗೆ ಹೋಗಿ ನೇರವಾಗಿ ಕೇಳಿದನು: "ತಾಯಿ, ಯುಗಾದಿಯಂದು ಏನಿದೆ?"

"ರಾಜ್ಯದ ಹಳೆಯ ಕಟ್ಟಳೆ ನಿಮಗೆ ತಿಳಿಯದೇ? ದ್ರೋಹದ ಅಪವಾದದಲ್ಲಿ ಮಡಿದವನ ಮನೆಯವರು ಹೊಸಿಲು ಬಿಡದೆ ಮೂರು ವರ್ಷ ತುಂಬಿದ ಮೇಲಿನ ಯುಗಾದಿಯನ್ನು ಕಂಡರೆ, ಅಂದಿನ ತೆರೆದ ಓಲಗದಲ್ಲಿ ಮಹಾರಾಜರನ್ನು ಮರುವಿಚಾರಣೆ ಬೇಡಬಹುದು. ಅದಕ್ಕೆ ಮುನ್ನ ಮನೆ ಬಿಟ್ಟರೆ ತಪ್ಪೊಪ್ಪಿಕೊಂಡಂತೆ." ಆಕೆ ದೇವರ ಪೆಟ್ಟಿಗೆಯಿಂದ ತಾಳೆಯೋಲೆಯೊಂದನ್ನು ತೆಗೆದು ಕೊಟ್ಟಳು. "ತೀರ್ಪಿನ ಪ್ರತಿ. ನೂರು ಸಲ ಓದಿದ್ದೇನೆ. ಸುಳ್ಳೆಂದು ಬಲ್ಲೆ, ತೋರಿಸಲಾರೆ."

ಮಾಚೆಯನಾಯಕ ಓದಿದನು. "ಮಾಧವರಸನು ಶತ್ರುವಿಗೆ ಬರೆದ ಪತ್ರವು ಮಾಘ ಶುದ್ಧ ದಶಮಿಯಂದು ಗಡಿಯಲ್ಲಿ ಸಿಕ್ಕಿತು. ದ್ವಾದಶಿಯಂದು ಆತನನ್ನು ಹಿಡಿಯಹೋದಾಗ ಖಡ್ಗವೆತ್ತಿ ಎದುರಿಸಿದ್ದರಿಂದ ಹತನಾದನು."

"ದಶಮಿ" ಎಂದು ಮತ್ತೊಮ್ಮೆ ಓದಿಕೊಂಡನು. ಮಾಧವರಸರನ್ನು ಹಿಡಿಯಲು ತನಗೆ ಅಪ್ಪಣೆಯ ಓಲೆ ಬಂದದ್ದು ನವಮಿಯಂದು. ಅದು ಮರೆಯುವ ದಿನವಲ್ಲ: ಮಗಳ ನಾಮಕರಣ, ಮಣೆಯ ಮೇಲಿಂದ ಎಬ್ಬಿಸಿ ಕರೆದೊಯ್ದಿದ್ದರು. "ಶತ್ರುವಿಗೆ ಬರೆದ ಪತ್ರ ಸಿಕ್ಕಿದೆ, ಜೀವಸಹಿತ ತರಬೇಡಿ" ಎಂದು ರೇಚರಸರು ಕಿವಿಯಲ್ಲಿ ಹೇಳಿದ್ದರು. ಸಿಕ್ಕಲು ಇನ್ನೂ ಒಂದು ದಿನವಿದ್ದ ಪತ್ರ! ಕೆಲಸ ಮುಗಿದ ಮರುದಿನವೇ ತನ್ನನ್ನು ಗಡಿಗೆ ಅಟ್ಟಿದ್ದರಿಂದ ಈ ತೀರ್ಪನ್ನು ಆತ ಕಂಡೇ ಇರಲಿಲ್ಲ. ಪ್ರಧಾನಿಗಳ ಮುದ್ರೆಯೊಡನೆ ನವಮಿಯ ತಿಥಿ ಹೊತ್ತ ಆ ಓಲೆ, ಅಪ್ಪಣೆಗಳನ್ನು ಜೋಪಾನ ಮಾಡುವ ಸೈನಿಕರ ಪದ್ಧತಿಯಂತೆ, ಈಗಲೂ ಆತನ ಗಂಟಿನಲ್ಲೇ ಇತ್ತು.

ಮೂರು ವರ್ಷ ಆತನನ್ನು ನಿದ್ದೆಗೆಡದಂತೆ ಕಾಪಾಡಿದ್ದು ಒಂದೇ ಮಾತು, 'ಕೊಂದದ್ದು ದ್ರೋಹಿಯನ್ನು' ಎಂಬುದು. ಅದು ಆ ಗಳಿಗೆಯಲ್ಲಿ ಕಳಚಿಬಿದ್ದಿತು. ಹಿತ್ತಿಲಿನಿಂದ ಪಾದುಕೆಗಳ ಸಪ್ಪಳ ಕೇಳಿಸಿತು. ಈ ಸಲ ಅದು ನಡುಮನೆಯಲ್ಲಿ ನಿಲ್ಲದೆ ಆತನ ಬೆನ್ನ ಹಿಂದೆ ಬಂದು ನಿಂತಿತು. ತಿರುಗಿ ನೋಡುವ ಧೈರ್ಯ ಆತನಿಗಾಗಲಿಲ್ಲ.

"ಯುಗಾದಿಯವರೆಗೆ ಇಲ್ಲೇ ಇರಿ, ತಾಯಿ" ಎಂದಷ್ಟೇ ಹೇಳಿ ಜಗಲಿಗೆ ಬಂದನು. ನಾಲ್ಕು ದಿನಗಳ ಮೇಲೆ, ಪ್ರಧಾನಿಗಳ ಆಳುಗಳು ಬಾಗಿಲಿಗೆ ಬಂದಾಗ, ಕ್ರಯದ ಓಲೆಯನ್ನು ಎಡಗೈಯಲ್ಲೂ ಖಡ್ಗವನ್ನು ಬಲಗೈಯಲ್ಲೂ ಹಿಡಿದು, "ಇದು ನನ್ನ ಮನೆ. ಇಲ್ಲಿ ಯಾರಿರಬೇಕೆಂದು ಹೇಳುವವನು ನಾನು" ಎಂದು ಅಡ್ಡ ನಿಂತನು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮರಳಿದರು.

ಯುಗಾದಿಯ ತೆರೆದ ಓಲಗದಲ್ಲಿ ಮಹಾರಾಜ ಬಾಳದೇವನು ಸಿಂಹಾಸನದಲ್ಲಿ ಕುಳಿತಿರಲು, ಬಾಚಲದೇವಿ ತೀರ್ಪಿನ ಪ್ರತಿಯನ್ನು ಮುಂದಿಟ್ಟು, ಸೆರಗೊಡ್ಡಿ ನ್ಯಾಯ ಬೇಡಿದಳು. "ಸಾಕ್ಷಿ ಯಾರು?" ಎಂದು ರೇಚರಸರು ನಕ್ಕರು. ಕುಂಟುತ್ತ ಮುಂದೆ ಬಂದ ಮಾಚೆಯನಾಯಕನು ನವಮಿಯ ಓಲೆಯನ್ನು ಅರಸನ ಪಾದಪೀಠದ ಮೇಲಿಟ್ಟು ಮೊಣಕಾಲೂರಿದನು.

"ಮಹಾಪ್ರಭು, ಮಾಧವರಸರು ಖಡ್ಗವೆತ್ತಲಿಲ್ಲ. ಒದ್ದೆ ಪಂಚೆಯಲ್ಲಿ ಬರಿಗೈಯಲ್ಲಿ ನಿಂತಿದ್ದರು. ಅವರನ್ನು ಕೊಂದವನು ನಾನು. ಎದುರಿಸಿದರೆಂದು ಸುಳ್ಳು ಬರೆದು ರುಜು ಹಾಕಿದವನೂ ನಾನೇ. ಇದಕ್ಕೆ ಶಿಕ್ಷೆ ಮರಣವೆಂದು ಬಲ್ಲೆ."

ಅರಸನು ಎರಡು ಓಲೆಗಳ ತಿಥಿಯನ್ನೂ ತಾನೇ ಓದಿ ನೋಡಿದನು. ಶತ್ರುವಿನೊಡನೆ ಗುಟ್ಟಾಗಿ ಕೈಜೋಡಿಸಿದ್ದವರು ರೇಚರಸರೇ. ಅದರ ಸುಳಿವು ಮಾಧವರಸರಿಗೆ ಹತ್ತಿದ್ದೇ ಕೊಲೆಗೆ ಕಾರಣವೆಂದು ವಿಚಾರಣೆಯಲ್ಲಿ ಹೊರಬಿದ್ದು, ಪ್ರಧಾನಿಗಳು ಕಾಲಿಗೆ ಸಂಕೋಲೆ ತೊಟ್ಟು ದುರ್ಗದ ಸೆರೆಗೆ ನಡೆದರು.

"ಸಂಧಿವಿಗ್ರಹಿ ಮಾಧವರಸರು ಈ ಸಿಂಹಾಸನದ ನಿಷ್ಠಾವಂತ ಸೇವಕರು. ಅವರ ಹೆಸರಿಗೆ ಅಂಟಿದ್ದ ಕಳಂಕವನ್ನು ಅಳಿಸಿದ್ದೇವೆ" ಎಂದು ಅರಸನು ಸಾರಿದನು. "ಈ ಸೈನಿಕನ ಪ್ರಾಣ ನಿಮ್ಮದು, ತಾಯಿ. ಹೇಳಿ."

ಬಾಚಲದೇವಿ ಮಾಚೆಯನಾಯಕನತ್ತ ತಿರುಗಿದಳು. "ಕೊನೆಯಲ್ಲಿ ಅವರು ಏನಾದರೂ ಅಂದರೇ?"

"ಅಂದರು, ತಾಯಿ. 'ಒಳಗೆ ನನ್ನವಳಿದ್ದಾಳೆ, ಗದ್ದಲ ಮಾಡಬೇಡಿ' ಅಂದರು."

ಮೂರು ವರ್ಷ ಅಳದಿದ್ದ ಆಕೆ ಸಭೆಯ ನಡುವೆ ನೆಲಕ್ಕೆ ಕುಸಿದು ಅತ್ತಳು. ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಹೇಳಿದಳು: "ಇವರಿಗೊಬ್ಬ ಹೆಂಡತಿ ಇದ್ದಾಳಂತೆ. ಇನ್ನೊಬ್ಬಳು ನನ್ನಂತಾಗುವುದು ಬೇಡ, ಮಹಾಪ್ರಭು. ಮನೆಯನ್ನು ಕೊಂಡಿದ್ದಾರೆ, ಅಲ್ಲೇ ಬಾಳಲಿ. ಮಾರಬಾರದು, ಬಿಟ್ಟು ಹೋಗಬಾರದು. ಮಗಳು ತಿಳಿವಳಿಕೆಗೆ ಬಂದ ದಿನ ಆ ಹಿತ್ತಿಲಿಗೆ ಕರೆದೊಯ್ದು, ನಡೆದದ್ದನ್ನು ತಮ್ಮ ಬಾಯಿಂದಲೇ ಹೇಳಲಿ."

ನದೀತೀರದಲ್ಲಿ ಮುತ್ತುಗದ ಎಲೆಗಳಿಂದ ಮಾಧವರಸರ ಪ್ರತಿಕೃತಿಯನ್ನು ರಚಿಸಿ ಉತ್ತರಕ್ರಿಯೆ ನಡೆಸಿದರು. ಅಂದು ಬಾಚಲದೇವಿ ಹಣೆಯ ಕುಂಕುಮವನ್ನು ತಾನೇ ಅಳಿಸಿಕೊಂಡು, ಹಿಂದಿರುಗಿ ನೋಡದೆ ಅಣ್ಣನ ಊರಿಗೆ ಹೊರಟುಹೋದಳು.

ಮಾಚೆಯನಾಯಕನ ಹೆಂಡತಿ, ಮಗಳು ಆ ಮನೆಗೆ ಬಂದರು. ಅವರಿಗೆ ಅಲ್ಲಿ ಏನೂ ಕೇಳಿಸಲಿಲ್ಲ. ಆತನಿಗೂ ಸಪ್ಪಳ ನಿಂತಿತ್ತು. ಆದರೆ ಆ ನಿಶ್ಶಬ್ದದಲ್ಲಿ ಪ್ರತಿ ಮಧ್ಯಾಹ್ನವೂ ಆತ ಕಿವಿಗೊಟ್ಟು ಕಾಯುತ್ತಿದ್ದನು. ಹನ್ನೆರಡು ವರ್ಷಗಳು ಕಳೆದವು. ಮಗಳು ಜಕ್ಕಲೆಗೆ ಮದುವೆ ನಿಶ್ಚಯವಾದ ದಿನ, ಆಕೆಯನ್ನು ಹಿತ್ತಿಲಿಗೆ ಕರೆದು, ಒಂದು ಮಾತನ್ನೂ ಮರೆಮಾಚದೆ ಎಲ್ಲವನ್ನೂ ಹೇಳಿದನು.

ಜಕ್ಕಲೆ ನೆಲವನ್ನೇ ನೋಡುತ್ತ ಕೇಳಿದಳು: "ಆ ತಾಯಿ ನಿಮ್ಮನ್ನು ಕ್ಷಮಿಸಿದರೇ, ಅಪ್ಪ?"

"ಇಲ್ಲ ಮಗಳೇ" ಎಂದನು ಮಾಚೆಯನಾಯಕ. "ಬದುಕು ಅಂದರು, ಅಷ್ಟೇ."