ಮೂರಾಣೆಗೆ ಹದಿನೆಂಟು ಪೈಸೆ

"ಮೊದ್ಲು ಶಾಯಿ ಬಿಲ್ಲೆ ಕೊಡಿ ರಂಗಯ್ಯನೋರೆ. ತಗೊಳ್ಳಿ, ಆರು ಪೈಸೆ."

ಮಲ್ಲಿಕಾಂಬ ಎಣಿಸಿ ಇಟ್ಟಳು. ಎದುರಿಗೇ ತರೀಕೆರೆ ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲು ಬಂದು ನಿಂತಿತ್ತು.

"ಈಗ ಒಂದು ಪೆನ್ಸಿಲ್. ಇದಕ್ಕೂ ಆರು. ಆಮೇಲೆ ಒಂದು ನಿಬ್ಬು..."

ರೈಲಿನಿಂದ ಇಳಿದು ಬಂದು ಹಿಂದೆ ನಿಂತಿದ್ದವನ ತಾಳ್ಮೆ ಕೆಟ್ಟಿತು. "ಏನ್ರೀ ಇದು! ಒಂದೇ ಅಂಗಡೀಲಿ ಮೂರು ಸಲ ವ್ಯಾಪಾರಾನಾ? ಒಟ್ಟಿಗೆ ಕೊಡಬಾರ್ದಾ?"

"ಒಂದಾಣೆಗೆ ಆರು ಪೈಸೆ. ಒಟ್ಟಿಗೆ ಮೂರಾಣೆ ಅಂದ್ರೆ ಹತ್ತೊಂಬತ್ತು ಕೊಡ್ಬೇಕು. ಬಿಡಿಬಿಡಿಯಾಗಿ ಕೊಟ್ರೆ ಹದಿನೆಂಟೇ."

ಹೊಸ ಪೈಸೆ ಬಂದು ಒಂದು ವರ್ಷವಾಗಿದ್ದ ಕಾಲ ಅದು. ಹಳೆಯ ಆಣೆಗೆ ಎಷ್ಟು ಹೊಸ ಪೈಸೆ ಎಂಬ ಸರ್ಕಾರದ ಪಟ್ಟಿಯಲ್ಲಿ ಹಾಗೇ ಇತ್ತು.

ಅಷ್ಟರಲ್ಲಿ ರೈಲು ಕೂಗಿತು! ಅವನು ಓಡಿದ... ಕೈಗೆ ಸಿಗಲಿಲ್ಲ. ಏದುಸಿರು ಬಿಡುತ್ತಾ ಹಿಂದಕ್ಕೆ ಬಂದ.

"ಒಂದು ಪೈಸೆ ಉಳಿಸ್ಕೊಂಡು ಇಬ್ಬರಿಗೂ ರೈಲು ತಪ್ಪಿಸಿದ್ರಲ್ರೀ! ಬನ್ನಿ, ಬಸ್ಸಿಗೆ ನಾನೇ ಕೊಡ್ತೀನಿ."

"ಬೇಡ!" ಎಂದವಳೇ ಮನೆಯ ದಾರಿ ಹಿಡಿದಳು. ಕಣ್ಣು ತುಂಬಿತ್ತು.

'ಪೈಸೆ ಪೈಸೆಗೂ ಲೆಕ್ಕ ಒಪ್ಪಿಸುವವಳ ಪಾಡು ಇವನಿಗೇನು ಗೊತ್ತು?'

ಅಜ್ಜಂಪುರದ ಅಂಬಮ್ಮನ ಒಬ್ಬಳೇ ಮಗಳು ಈ ಮಲ್ಲಿಕಾಂಬ. ತಂದೆ ಹೋದ ಮೇಲೆ ಅವಳನ್ನು ತರೀಕೆರೆಗೆ ಕರೆತಂದು ಓದಿಸುತ್ತಿದ್ದವನು ಅಂಬಮ್ಮನ ತಮ್ಮ ಶಿವಮೂರ್ತಪ್ಪ. ಅವನ ಹೆಂಡತಿ ತೀರಿಕೊಂಡಿದ್ದಳು. ತಿಂಗಳ ಮೊದಲ ದಿನ ಇಪ್ಪತ್ತು ರೂಪಾಯಿ ಕೊಡುತ್ತಿದ್ದ. ರೈಲಿನ ಪಾಸು, ಕಾಗದ, ಮಧ್ಯಾಹ್ನದ ತಿಂಡಿ ಎಲ್ಲವೂ ಅದರಲ್ಲೇ. ಗದರುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಲೆಕ್ಕ ಕೇಳಿ, "ಓದು ಮುಗೀಲಿ ಮಲ್ಲೀ, ಆಮೇಲೆ ನಮ್ಮಿಬ್ಬರದೂ ಒಂದು ತೀರ್ಮಾನ ಮಾಡೋಣ" ಎಂದು ನಗುತ್ತಿದ್ದ.

ಆ ನಗುವಿಗೇ ಅವಳ ಉಸಿರು ಕಟ್ಟುತ್ತಿತ್ತು. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು... ಇಷ್ಟು ಒಳ್ಳೆಯವನ ಮನೆಯಿಂದ ಹೊರಬರಲು ಬಾಗಿಲೆಲ್ಲಿ?

ಮರುದಿನ ಶಿವಮೊಗ್ಗದ ಕಾಲೇಜಿನಲ್ಲಿ ನೋಡಿದರೆ, ರೈಲು ತಪ್ಪಿಸಿಕೊಂಡ ಆಸಾಮಿ ಅವಳ ತರಗತಿಯಲ್ಲೇ ಕೂತಿದ್ದ! ಬೀರೂರಿನ ತೀರ್ಥಪ್ಪ. ಆ ವಾರವಷ್ಟೇ ಸೇರಿದ್ದ. ಬಸ್ಸಿನಲ್ಲಿ ಬಂದು ತಾನು ಬರೆದುಕೊಂಡಿದ್ದ ಹಿಂದಿನ ದಿನದ ಪಾಠವನ್ನು ಅವಳ ಮುಂದಿಟ್ಟ.

"ತಪ್ಪಾಯ್ತು ಕಣ್ರೀ. ನಾನೂ ನಿನ್ನೆ ಸಂಜೆ ಊರಿಗೆ ಹೋಗ್ತಾ ಹಂಗೇ ಬಿಡಿಬಿಡಿಯಾಗಿ ತಗೊಂಡೆ. ರಂಗಯ್ಯ ಹೊಡಿಯೋಕೇ ಬಂದ."

ಬಹಳ ದಿನದ ಮೇಲೆ ಅವಳು ನಕ್ಕಳು.

ರೈಲಿನ ಮಾತು ಸಲಿಗೆಗೆ ತಿರುಗಿತು. ಮಾವನ ವಿಷಯ, ಮನದ ಭಯ, ಎಲ್ಲವನ್ನೂ ಅವನಿಗೆ ಹೇಳಿಕೊಂಡಳು. ಒಂದು ದಿನ ರಂಗಯ್ಯ ನಿಬ್ಬಿಗೆ ಮೂರೇ ಪೈಸೆ ತಗೊಂಡ.

"ಯಾಕೆ?"

"ಆ ಬೀರೂರಿನ ಹುಡುಗ ಉಳಿದದ್ದು ಕೊಟ್ಟವ್ನೆ ಕಣವ್ವ. ಹೇಳ್ಬೇಡ ಅಂದಿದ್ದ..."

ಮಲ್ಲಿಕಾಂಬಳ ಮುಖ ಬಿಳಿಚಿತು. ರೈಲು ಬರುತ್ತಲೇ ತೀರ್ಥಪ್ಪನ ಕೈಗೆ ಚಿಲ್ಲರೆ ಸುರಿದಳು.

"ಮಾವನ ಋಣದ ಹಗ್ಗ ಒಂದು ಸಾಲ್ದು ಅಂತ ನೀವೂ ಒಂದು ಹಾಕ್ತಿದೀರಾ? ಇನ್ನು ನನ್ನ ಮಾತಾಡಿಸ್ಬೇಡಿ!"

ಅವನು ಮಾತಾಡಿಸಲಿಲ್ಲ. ಮಾಗಿ ಕಳೆಯಿತು. ಎದುರು ಕಿಟಕಿಯಲ್ಲಿ ಕೂತ ಆ ಮೌನ ಅವಳನ್ನು ದಿನಾ ಸುಡುತ್ತಿತ್ತು.

ಪರೀಕ್ಷೆಯ ಫೀಜು ಕಟ್ಟುವ ಕಾಲ ಬಂತು. ಮೂವತ್ತು ರೂಪಾಯಿ. ಇಡೀ ವರ್ಷ ಹೊಟ್ಟೆ ಕಟ್ಟಿ ಉಳಿಸಿದ್ದು ಇಪ್ಪತ್ತೆರಡು. ಕಡೆಯ ದಿನದ ಹಿಂದಿನ ಸಂಜೆ ಶಿವಮೂರ್ತಪ್ಪ ತಟ್ಟೆ ತಂದಿಟ್ಟ. ವೀಳ್ಯದೆಲೆ, ಅಡಿಕೆ, ಮೇಲೆ ಮೂರು ಹತ್ತರ ನೋಟು.

"ನಾಳೆ ತಟ್ಟೆ ಮುಟ್ಟಿ ತಗೊಂಡು ಹೋಗು ಮಲ್ಲೀ. ಅಕ್ಕನೂ ಒಪ್ಪವ್ಳೆ."

ಎಲೆ ಅಡಿಕೆ ಸಮೇತ ತಗೊಂಡರೆ ಮದುವೆಗೆ ಮಾತು ಕೊಟ್ಟಂತೆ! ತಗೊಳ್ಳದಿದ್ದರೆ ಪರೀಕ್ಷೆಯಿಲ್ಲ...

ಬೆಳಿಗ್ಗೆ ತಟ್ಟೆ ಮುಟ್ಟದೆ ರೈಲು ಹತ್ತಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಗ, ಎದುರಿನಿಂದ ಆ ಧ್ವನಿ...

"ಎಷ್ಟು ಕಮ್ಮಿ?"

"ಎಂಟು ರೂಪಾಯಿ. ನಿಮ್ಮ ಹತ್ರ ಮಾತ್ರ ತಗೊಳ್ಳಲ್ಲ!"

"ಕೊಡೋರ್ಯಾರು? ನನಗೂ ಬುದ್ಧಿ ಬಂದಿದೆ. ನೀವೇ ದುಡ್ಡು ಉಳಿಸಿ ಕೊಂಡ ಪುಸ್ತಕ ಚೀಲದಲ್ಲಿ ಇದಾವಲ್ಲ, ಜೂನಿಯರ್ ಹುಡುಗರಿಗೆ ಮಾರಿ. ಮುಂದಿನ ವರ್ಷಕ್ಕೆ ಅಂತ ಈಗ್ಲೇ ಹುಡುಕ್ತಿದಾರೆ."

"ಮತ್ತೆ ನಾನು ಓದೋದು?"

"ನನ್ನ ಪುಸ್ತಕ. ಹೋಗ್ತಾ ನೀವು ಓದಿ, ಬರ್ತಾ ನಾನು ಓದ್ತೀನಿ."

ಅವಳು ಕಣ್ಣೊರೆಸಿಕೊಂಡಳು. ಮಧ್ಯಾಹ್ನದೊಳಗೆ ಪುಸ್ತಕಗಳು ಮಾರಿಹೋದವು. ಫೀಜು ಕಟ್ಟಿಯಾಯಿತು!

ಸಂಜೆ ತಟ್ಟೆಯ ಪಕ್ಕದಲ್ಲಿ ರಸೀದಿ ಇಟ್ಟು ನಿಂತಳು.

"ತಿಂಗಳು ತಿಂಗಳು ಕೊಟ್ಟಿದ್ದು ಅಕ್ಕನ ಮಗಳಿಗೆ, ಮಾವ. ಸಾಯೋವರ್ಗೂ ಮರೆಯಲ್ಲ. ಈ ತಟ್ಟೆ ಹೆಂಡ್ತಿಗೆ ಇಟ್ಟಿದ್ದು. ಇದನ್ನ ನಾನು ಮುಟ್ಟಲಾರೆ."

ಶಿವಮೂರ್ತಪ್ಪ ತಟ್ಟೆಯ ಎಲೆಗೆ ಸುಣ್ಣ ಹಚ್ಚಿ ತಾನೊಬ್ಬನೇ ಬಾಯಿಗಿಟ್ಟುಕೊಂಡ.

"ಒಂದನೇ ತಾರೀಕು ಎಂದಿನಂಗೆ ಇಪ್ಪತ್ತು ರೂಪಾಯಿ ಇಸ್ಕೋ," ಎಂದ. "ಅಕ್ಕನ ಮಗಳಲ್ವಾ..."

ಪರೀಕ್ಷೆ ಮುಗಿದ ದಿನ ತರೀಕೆರೆಯಲ್ಲಿ ಅವಳ ಜೊತೆ ತೀರ್ಥಪ್ಪನೂ ಇಳಿದ.

"ಯಾಕ್ರೀ ಇಳಿದ್ರಿ? ರೈಲು ಹೋಗುತ್ತೆ!"

"ಹೋಗ್ಲಿ. ನಾನು ನಿಮ್ಮನ್ನ..."

"ನಂಗೆ ಭಯ ಆಗುತ್ತೆ ಕಣ್ರೀ. ಈಗಷ್ಟೇ ಉಸಿರಾಡ್ತಿದೀನಿ."

"ಜೀವಮಾನ ಪೂರ್ತಿ ಒಟ್ಟಿಗೆ ಕೇಳಲ್ಲ. ಇವತ್ತಿಂದು ಇವತ್ತು, ನಾಳೇದು ನಾಳೆ. ದಿನಾ ಬಂದು ಕೇಳ್ತೀನಿ."

"ಹಂಗೆ ಬಿಡಿಬಿಡಿಯಾಗಿ ಕೇಳಿದ್ರೆ ನಿಮಗೇನು ಉಳಿಯುತ್ತೆ?"

"ನೀವು ಉಳೀತೀರಿ."

ರೈಲು ಹೊರಟಿತು. ಅವನು ತಿರುಗಿಯೂ ನೋಡಲಿಲ್ಲ.

"ಸರಿ..." ಎಂದಳು ಮಲ್ಲಿಕಾಂಬ, ತಲೆ ತಗ್ಗಿಸಿ. "ಇವತ್ತಿಗೆ ಒಪ್ಪಿದೀನಿ."

"ನಾಳೆಗೆ?"

"ನಾಳೆ ಬಂದು ಕೇಳಿ!"